ಬಿಐಎಂ ಮಾಡೆಲ್ ಅನ್ನು ಪಾಠದ ಸಲಕರಣೆ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಕಟ್ಟಡ ನಿರ್ಮಾಣ ತಂತ್ರಜ್ಞಾನ ಕಲಿಸುವ ಉಪನ್ಯಾಸಕ. ತರಗತಿಯಲ್ಲಿ 30 ವಿದ್ಯಾರ್ಥಿಗಳು, ಲ್ಯಾಬಿನಲ್ಲಿ 15 ಕಂಪ್ಯೂಟರ್. ಬಿಐಎಂ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಅಂದರೆ ಕಟ್ಟಡದ ತ್ರೀಡಿ ರೂಪವನ್ನು ಅದರ ಮಾಹಿತಿಯ ಸಮೇತ ಕಂಪ್ಯೂಟರಿನಲ್ಲಿ ಕಟ್ಟುವ ವಿಧಾನ) ಕಲಿಸಲು ಒಂದು ಸೆಮಿಸ್ಟರ್ ಸಿಗುತ್ತದೆ. ಕೊನೆಗೆ ಎಲ್ಲರೂ ಚೆಂದದ ತ್ರೀಡಿ ಮನೆ ಮಾಡಿ ತೋರಿಸುತ್ತಾರೆ. ಆದರೆ ‘ಈ ಬೀಮಿಗೆ ಎಷ್ಟು ಕಾಂಕ್ರೀಟ್ ಬೇಕು, ಇದನ್ನು ಹಾಕುವ ಮುಂಚೆ ಸೈಟಿನಲ್ಲಿ ಏನೇನು ಮುಗಿದಿರಬೇಕು’ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ವಿದ್ಯಾರ್ಥಿಗಳೇ ಕೈಹಾಕಿ ಕಲಿಯುವಂತೆ ಬಿಐಎಂ ಪಾಠ ಕಟ್ಟುವುದು ಹೇಗೆ? ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ಮಾಡೆಲಿನೊಳಗೆ ನಿಂತಂತೆ ನೋಡುವ ಸಾಧನ) ಕೊಳ್ಳಬೇಕೇ?

ಉತ್ತರ: ಅವರು ಸುಮ್ಮನಾಗಲು ಕಾರಣ ತಂತ್ರಾಂಶದಲ್ಲೇ ಇದೆ. ಗೋಡೆಯ ಬಟನ್ ಒತ್ತಿ ಎರಡು ಕಡೆ ಕ್ಲಿಕ್ ಮಾಡಿದರೆ ಸಾಕು. ದಪ್ಪ, ಎತ್ತರ, ಗಿಲಾವಿನ ಪದರ, ಪಕ್ಕದ ಗೋಡೆಗೆ ಸೇರುವ ಮೂಲೆ ಎಲ್ಲವನ್ನೂ ಅದೇ ತುಂಬಿಕೊಳ್ಳುತ್ತದೆ. ಕಟ್ಟುವವರು ತಲೆಕೆಡಿಸಿಕೊಳ್ಳಬೇಕಾದ ಹತ್ತು ತೀರ್ಮಾನಗಳಲ್ಲಿ ಒಂದನ್ನೂ ವಿದ್ಯಾರ್ಥಿ ಮಾಡಿರುವುದಿಲ್ಲ, ಆದರೂ ಗೋಡೆ ನಿಂತಿರುತ್ತದೆ. ಹಾಗಾಗಿ ಸೆಮಿಸ್ಟರಿನ ಬಹುಪಾಲು ಬಟನ್ ಕಲಿಯುವುದಕ್ಕೇ ಹೋಗುತ್ತದೆ.

ಕ್ರಮವನ್ನು ತಿರುಗಿಸಿ. ಮಾಡೆಲ್ ಬಿಡಿಸುವುದನ್ನು ಕೊನೆಗಿಟ್ಟು, ಸಿದ್ಧ ಮಾಡೆಲಿಗೆ ಪ್ರಶ್ನೆ ಹಾಕುವುದನ್ನು ಮೊದಲಿಗೆ ತನ್ನಿ. ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದ ಮಧ್ಯದಲ್ಲಿ ಮುಂದಿಟ್ಟ ಮೂಲ ಕಲ್ಪನೆಯ ಹೆಸರೇ ‘ಬಿಲ್ಡಿಂಗ್ ಡಿಸ್ಕ್ರಿಪ್ಷನ್ ಸಿಸ್ಟಮ್’, ಅಂದರೆ ಕಟ್ಟಡದ ವಿವರಣೆಯ ವ್ಯವಸ್ಥೆ. ಚಿತ್ರ ಅದರ ಒಂದು ಮುಖವಷ್ಟೆ, ಒಳಗಿರುವುದು ಮಾಹಿತಿಯ ಕೋಶ. 14 ವಾರದ ಸೆಮಿಸ್ಟರ್ ಎಂದಿಟ್ಟುಕೊಂಡರೆ, ಮೊದಲ ಮೂರು ವಾರ ಮಾಡೆಲ್ ನೋಡಿ ಓದುವುದಕ್ಕೆ, ಮುಂದಿನ ಮೂರು ಪ್ರಮಾಣ ಲೆಕ್ಕಕ್ಕೆ, ಆಮೇಲೆ ಮೂರು ತಪ್ಪು ಹುಡುಕುವುದಕ್ಕೆ ಮತ್ತು ಕ್ಲ್ಯಾಶ್ (ಎರಡು ವಸ್ತು ಒಂದೇ ಜಾಗಕ್ಕೆ ಬಂದು ತಾಗುವುದು) ಬಗೆಹರಿಸುವುದಕ್ಕೆ, ಎರಡು ಕೆಲಸದ ಕ್ರಮಕ್ಕೆ, ಉಳಿದ ಮೂರು ವಾರ ಮಾತ್ರ ಸ್ವತಃ ಮಾಡೆಲ್ ಮಾಡುವುದಕ್ಕೆ. ಅದೂ ಇಡೀ ಮನೆ ಬೇಡ. ಪಾಯದಿಂದ ಸ್ಲ್ಯಾಬಿನವರೆಗೆ ಒಂದೇ ಒಂದು ಅಂಕಣ (ನಾಲ್ಕು ಕಾಲಂಗಳ ನಡುವಿನ ಭಾಗ) ಸಾಕು.

ಪಾಠದ ಮಾಡೆಲ್ ಹೇಗಿರಬೇಕು

ದೊಡ್ಡ ಯೋಜನೆಯ ನಿಜವಾದ ಮಾಡೆಲ್ ತಂದುಕೊಡಬೇಕೆಂಬ ಆಸೆ ಸಹಜ. ಆದರೆ ಸಾವಿರಾರು ಬಾಗಿಲುಗಳ ನಡುವೆ ವಿದ್ಯಾರ್ಥಿ ದಾರಿ ತಪ್ಪುತ್ತಾನೆ, ಕಂಪ್ಯೂಟರೂ ಏದುಸಿರು ಬಿಡುತ್ತದೆ. ನೀವೇ ಒಂದು ಪುಟ್ಟ ಮಾಡೆಲ್ ಮಾಡಿಕೊಳ್ಳಿ: ನೆಲಮಹಡಿ ಮತ್ತು ಒಂದು ಮಹಡಿ, ಪ್ರತಿ ಮಹಡಿಗೆ 9 ಕಾಲಂ, ಒಂದು ಮೆಟ್ಟಿಲು, ಒಂದು ಶೌಚಾಲಯ, ಸೀಲಿಂಗಿನ ಮೇಲೆ ಒಂದು ಗಾಳಿ ಡಕ್ಟ್, ಒಂದು ಕೇಬಲ್ ಟ್ರೇ. ಮಹಡಿಯಿಂದ ಮಹಡಿಗೆ 3.6 ಮೀಟರ್, ಸ್ಲ್ಯಾಬ್ 150 ಮಿ.ಮೀ., ಬೀಮ್ 300 × 600 ಮಿ.ಮೀ. (600ರಲ್ಲಿ ಸ್ಲ್ಯಾಬಿನ ದಪ್ಪವೂ ಸೇರಿದೆ). ತಂತ್ರಾಂಶ ಬಲ್ಲವರಿಗೆ ಎರಡು ಮೂರು ದಿನದ ಕೆಲಸ. ಆಮೇಲೆ ವರ್ಷಗಟ್ಟಲೆ ಬಳಸಬಹುದು.

ಇದನ್ನು ಐಎಫ್‌ಸಿ ರೂಪದಲ್ಲಿ ಹೊರತೆಗೆದು ಹಂಚಿ. ಐಎಫ್‌ಸಿ ಯಾವುದೇ ಒಂದು ಕಂಪನಿಗೆ ಸೇರದ ಮುಕ್ತ ಫೈಲ್ ರೂಪ. ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕವೂ ಹೌದು. ಅದನ್ನು ಬಿಐಎಂವಿಷನ್‌ನಂಥ ಉಚಿತ ವೀಕ್ಷಕದಲ್ಲಿ ತೆರೆಯಬಹುದು. ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದ ಮೇಲೆ ಕೂರುವ ಬೊನ್ಸಾಯ್ ಎಂಬ ಉಚಿತ ತಂತ್ರಾಂಶದಲ್ಲಿ ತಿದ್ದಲೂಬಹುದು. ಮೊದಲ ವಾರಗಳಲ್ಲಿ ಪರವಾನಗಿಯ ಗೋಜೇ ಇರುವುದಿಲ್ಲ, ಮನೆಯ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಅಭ್ಯಾಸ ಸಾಗುತ್ತದೆ.

ಹೊರತೆಗೆಯುವ ಮುಂಚೆ ಎರಡು ಸಂಗತಿ ಗಮನಿಸಿ. ಪ್ರತಿ ವಸ್ತುವಿಗೂ ಸರಿಯಾದ ವರ್ಗ ಇರಬೇಕು. ಬೀಮ್ ಬೀಮ್ ಆಗಿಯೇ ಹೋಗಬೇಕು. ವರ್ಗ ಗೊತ್ತಾಗದಿದ್ದರೆ ತಂತ್ರಾಂಶ ಅದನ್ನು ‘ಬಿಲ್ಡಿಂಗ್ ಎಲಿಮೆಂಟ್ ಪ್ರಾಕ್ಸಿ’ ಎಂಬ ಗುಜರಿ ಬುಟ್ಟಿಗೆ ಹಾಕುತ್ತದೆ, ಆಮೇಲೆ ‘ಎಲ್ಲ ಬೀಮ್ ತೋರಿಸು’ ಎಂದರೆ ಅರ್ಧ ಮಾತ್ರ ಬರುತ್ತವೆ. ಎರಡನೆಯದು, ಹೊರತೆಗೆಯುವಾಗ ಮೂಲ ಪ್ರಮಾಣಗಳನ್ನು ಸೇರಿಸುವ ಆಯ್ಕೆಗೆ ಟಿಕ್ ಹಾಕಿ. ಇಲ್ಲದಿದ್ದರೆ ಘನಗಾತ್ರ, ವಿಸ್ತೀರ್ಣದ ಅಂಕಿಗಳು ಫೈಲಿನೊಳಗೆ ಹೋಗದೇ ಇರಬಹುದು.

ಮೊದಲು ಊಹೆ, ಆಮೇಲೆ ಕ್ಲಿಕ್

ಮೌಸ್ ಮುಟ್ಟುವ ಮುಂಚೆ ಉತ್ತರವನ್ನು ಕಾಗದದ ಮೇಲೆ ಬರೆಯಬೇಕು ಎಂಬ ಒಂದೇ ನಿಯಮ ಇಡೀ ತರಗತಿಯ ಸ್ವರೂಪ ಬದಲಿಸುತ್ತದೆ. ಇಬ್ಬರಿಗೆ ಒಂದು ಕಂಪ್ಯೂಟರ್ ಇರುವುದು ಇಲ್ಲಿ ಅನುಕೂಲವೇ: ಒಬ್ಬರು ಲೆಕ್ಕ ಹಾಕಿದರೆ ಇನ್ನೊಬ್ಬರು ಮಾಡೆಲಿನಲ್ಲಿ ಹುಡುಕುತ್ತಾರೆ, ಮುಂದಿನ ಪ್ರಶ್ನೆಗೆ ಅದಲುಬದಲು.

ಮಧ್ಯದ ಒಂದು ಬೀಮ್ ತೆಗೆದುಕೊಳ್ಳಿ. ಕಾಲಂ ಮುಖದಿಂದ ಮುಖಕ್ಕೆ 6 ಮೀಟರ್. ಹೆಚ್ಚಿನವರು 0.3 × 0.6 × 6 = 1.08 ಘನ ಮೀಟರ್ ಎಂದು ಬರೆಯುತ್ತಾರೆ. ಮಾಡೆಲಿನಲ್ಲಿ ಸ್ಲ್ಯಾಬ್ ಮತ್ತು ಬೀಮ್ ಸರಿಯಾಗಿ ಜೋಡಣೆಯಾಗಿದ್ದು, ಸ್ಲ್ಯಾಬ್ ಬೀಮನ್ನು ಕತ್ತರಿಸುವಂತಿದ್ದರೆ 0.81 ಎಂದು ಕಾಣುತ್ತದೆ. ವ್ಯತ್ಯಾಸದ 0.27 ಘನ ಮೀಟರ್ ಎಲ್ಲಿ ಹೋಯಿತು? ಬೀಮಿನ ಮೇಲಿನ 150 ಮಿ.ಮೀ. ಸ್ಲ್ಯಾಬಿನ ಲೆಕ್ಕದಲ್ಲಿ ಸೇರಿದೆ. ಈಗ ಜೋಡಣೆ ಬಿಡಿಸಿದ ಇನ್ನೊಂದು ಮಾಡೆಲ್ ಕೊಡಿ. ಅಲ್ಲಿ ಬೀಮ್ 1.08 ತೋರಿಸುತ್ತದೆ, ಸ್ಲ್ಯಾಬೂ ಪೂರ್ತಿ ತೋರಿಸುತ್ತದೆ; ಅದೇ ಕಾಂಕ್ರೀಟ್ ಎರಡು ಸಲ ಎಣಿಕೆಗೆ ಬಂತು. ಪರದೆಯ ಮೇಲೆ ಎರಡೂ ಮಾಡೆಲ್ ಒಂದೇ ಥರ ಕಾಣುತ್ತವೆ ಎನ್ನುವುದೇ ಇಲ್ಲಿನ ಪಾಠ.

ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟುವ ಅಚ್ಚು) ಲೆಕ್ಕವನ್ನೂ ಇದೇ ಬೀಮಿಗೆ ಮಾಡಿಸಿ. ತಳ 0.3 × 6 = 1.8, ಸ್ಲ್ಯಾಬಿನ ಕೆಳಗಿನ ಎರಡು ಪಕ್ಕ 2 × 0.45 × 6 = 5.4, ಒಟ್ಟು 7.2 ಚದರ ಮೀಟರ್. ಪಕ್ಕಗಳನ್ನು 0.6 ಎಂದು ಹಿಡಿದವರಿಗೆ 9 ಚದರ ಮೀಟರ್ ಬರುತ್ತದೆ, ನಾಲ್ಕನೇ ಒಂದು ಭಾಗ ಹೆಚ್ಚು. ಇನ್ನೂ ಒಂದು ಮಾತು: ಮಾಡೆಲಿನಲ್ಲಿ ಸೆಂಟ್ರಿಂಗ್ ಎಂಬ ವಸ್ತು ಸಾಮಾನ್ಯವಾಗಿ ಇರುವುದೇ ಇಲ್ಲ. ಮುಟ್ಟು (ಸೆಂಟ್ರಿಂಗಿಗೆ ಕೊಡುವ ಆಸರೆ ಕಂಬ), ಹಲಗೆ, ಕಂಬಿಯ ಲ್ಯಾಪ್ (ಎರಡು ಕಂಬಿ ಒಂದರ ಮೇಲೊಂದು ಬರುವ ಉದ್ದ), ಪೋಲಾಗುವ ಸಾಮಾನು, ಇವು ಯಾರೂ ಬಿಡಿಸದ ವಸ್ತುಗಳು. ‘ಮಾಡೆಲ್ ಕೊಟ್ಟ ಪಟ್ಟಿಯಲ್ಲಿ ಇಲ್ಲದ್ದು ಏನು?’ ಎಂಬ ಪ್ರಶ್ನೆಯನ್ನು ಪ್ರತಿ ಅಭ್ಯಾಸದ ಕೊನೆಗೂ ಕೇಳಿ.

ಗೋಡೆಯದು ಬೇರೆಯೇ ಕಥೆ. 4 ಮೀಟರ್ ಉದ್ದ, 200 ಮಿ.ಮೀ. ದಪ್ಪ, ಬೀಮಿನ ತಳದವರೆಗೆ 3 ಮೀಟರ್ ಎತ್ತರ, ನಡುವೆ 1.0 × 2.1 ಮೀಟರ್ ಬಾಗಿಲು. ಬಾಗಿಲು ಕಳೆಯದೆ 2.4 ಘನ ಮೀಟರ್, ಕಳೆದರೆ 1.98. ಐಎಫ್‌ಸಿ ಫೈಲಿನಲ್ಲಿ ಈ ಎರಡೂ ಅಂಕಿ ಗ್ರಾಸ್, ನೆಟ್ ಎಂದು ಅಕ್ಕಪಕ್ಕದಲ್ಲೇ ಇರುತ್ತವೆ. ಯಾವುದನ್ನು ಎತ್ತಿಕೊಂಡೆ ಎಂದು ವಿದ್ಯಾರ್ಥಿ ಹೇಳಲೇಬೇಕು. ಗೋಡೆಯನ್ನು ಮೇಲಿನ ಮಹಡಿಯ ಮಟ್ಟದವರೆಗೆ ಎಳೆದುಬಿಟ್ಟು ಬೀಮಿನೊಳಗೆ ಹೂತುಹಾಕುವುದು ಹೊಸಬರ ಅತಿ ಸಾಮಾನ್ಯ ತಪ್ಪು. ಆಗ ಎತ್ತರ 3.6 ಆಗಿ 0.48 ಘನ ಮೀಟರ್ ಗೋಡೆ ಸುಮ್ಮನೆ ಹೆಚ್ಚುತ್ತದೆ. ಜೊತೆಗೆ, ಅಳತೆಯ ನಿಯಮಗಳು ಚಿಕ್ಕ ತೂತುಗಳನ್ನು ಕಳೆಯಬೇಡಿ ಎನ್ನುವುದುಂಟು. ತಂತ್ರಾಂಶಕ್ಕೆ ಆ ರಿಯಾಯಿತಿ ಗೊತ್ತಿಲ್ಲ, ಬಿಡಿಸಿದ ತೂತನ್ನೆಲ್ಲ ಕಳೆಯುತ್ತದೆ.

ಬೇಕೆಂದೇ ತಪ್ಪು ಮಾಡಿದ ಮಾಡೆಲ್

ಇಡೀ ಸೆಮಿಸ್ಟರಿನಲ್ಲಿ ಒಂದೇ ಅಭ್ಯಾಸಕ್ಕೆ ಸಮಯವಿದೆ ಎಂದಾದರೆ ಇದನ್ನೇ ಇಟ್ಟುಕೊಳ್ಳಿ. ಸರಿಯಾದ ಮಾಡೆಲ್ ನೋಡಿ ವಿದ್ಯಾರ್ಥಿ ತಲೆದೂಗುತ್ತಾನೆ, ತಪ್ಪಿರುವ ಮಾಡೆಲ್ ಅವನನ್ನು ತಡೆದು ನಿಲ್ಲಿಸುತ್ತದೆ. ನಿಮ್ಮ ಮಾಡೆಲಿನ ಪ್ರತಿ ತೆಗೆದು ಅದರಲ್ಲಿ 10–12 ತಪ್ಪು ಬಿತ್ತಿ. ಎಷ್ಟು ಇವೆ ಎಂದು ಹೇಳಬೇಡಿ. ಹೇಳಿದರೆ ಹನ್ನೆರಡನೆಯದು ಸಿಕ್ಕ ಕ್ಷಣ ಹುಡುಕಾಟ ನಿಂತುಹೋಗುತ್ತದೆ.

ತಪ್ಪುಗಳು ಒಂದೇ ಜಾತಿಯವಾಗಬಾರದು. ಕೆಲವು ಕಣ್ಣಿಗೇ ಬೀಳಲಿ: ಮೆಟ್ಟಿಲಿನ ಮೇಲೆ ಬೀಮ್ ಅಡ್ಡ ಬಂದು ತಲೆಯೆತ್ತರ 1.8 ಮೀಟರಿಗೆ ಇಳಿದಿರುವುದು, ಬಾಗಿಲು ತೆರೆದರೆ ಕಾಲಂಗೆ ಬಡಿಯುವುದು. ಕೆಲವು ತಂತ್ರಾಂಶ ಓಡಿಸಿದರೆ ಸಿಗಲಿ: ಒಂದೇ ಜಾಗದಲ್ಲಿ ಒಂದರ ಮೇಲೊಂದು ಎರಡು ಸ್ಲ್ಯಾಬ್, ಬೀಮಿನೊಳಗೆ ನುಗ್ಗಿದ ಪೈಪು. ಕೆಲವು ಗುಣಲಕ್ಷಣದ ಪಟ್ಟಿಯಲ್ಲಿ ಅಡಗಿರಲಿ: ಹೊರಗೋಡೆಗೆ ‘ಎಕ್ಸ್‌ಟರ್ನಲ್’ ಎಂಬಲ್ಲಿ ಇಲ್ಲ ಎಂದಿರುವುದು, ಮೆಟ್ಟಿಲ ಸುತ್ತಲಿನ ಗೋಡೆಯ ಬೆಂಕಿ ತಾಳಿಕೆಯ ಜಾಗ ಖಾಲಿ ಇರುವುದು. ಶೌಚಾಲಯದ ನೆಲದಲ್ಲಿ ನೀರು ತಡೆಯುವ ಪದರವನ್ನು ಟೈಲಿನ ಮೇಲೆ ಇಡಿ. ಪದರಗಳನ್ನು ಒಂದೊಂದಾಗಿ ಓದಿದವರಿಗೆ ಮಾತ್ರ ಅದು ಕಾಣುತ್ತದೆ.

ಇನ್ನೊಂದು ಜಾತಿ ತಪ್ಪು ಬಲು ಮುಖ್ಯ. ಮೇಲಿನ ಮಹಡಿಯಲ್ಲಿ ಕಾಲಂ ಇದೆ, ಅದರ ಕೆಳಗೆ ನೆಲಮಹಡಿಯಲ್ಲಿ ಇಲ್ಲ. ಕ್ಲ್ಯಾಶ್ ಪರೀಕ್ಷೆ ಎಷ್ಟು ಸಲ ಓಡಿಸಿದರೂ ಇದು ಸಿಗುವುದಿಲ್ಲ. ಪರೀಕ್ಷೆ ನೋಡುವುದು ಇರುವ ಎರಡು ವಸ್ತು ಒಂದಕ್ಕೊಂದು ತಾಗಿವೆಯೇ ಎಂದು. ಇಲ್ಲದ ಕಾಲಂ ಯಾವುದಕ್ಕೂ ತಾಗುವುದಿಲ್ಲ. ಭಾರ ಮೇಲಿನಿಂದ ಪಾಯಕ್ಕೆ ಹೇಗೆ ಇಳಿಯುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸಿದವರೇ ಅದನ್ನು ಹಿಡಿಯುತ್ತಾರೆ. ಬೀಮಿನ ತುದಿ ಕಾಲಂನಿಂದ 20 ಮಿ.ಮೀ. ದೂರ ನಿಂತಿರುವುದೂ ಇದೇ ಬಗೆಯದು.

ಸಿಕ್ಕ ತಪ್ಪನ್ನು ಬಾಯಲ್ಲಿ ಹೇಳಿದರೆ ಸಾಲದು. ಮಾಡೆಲಿನ ತಕರಾರುಗಳನ್ನು ಹಂಚಿಕೊಳ್ಳುವ ಮುಕ್ತ ರೂಪವಾದ ಬಿಸಿಎಫ್‌ನಲ್ಲಿ ದಾಖಲಿಸಲಿ: ನೋಟದ ಕೋನ, ವಸ್ತುವಿನ ಗುರುತು, ಏನು ತಪ್ಪು, ಸೈಟಿನಲ್ಲಿ ಇದರಿಂದ ಆಗುವುದೇನು, ಯಾರು ತಿದ್ದಬೇಕು. ಐಎಫ್‌ಸಿಯಲ್ಲಿ ಪ್ರತಿ ವಸ್ತುವಿಗೂ 22 ಅಕ್ಷರದ ಗ್ಲೋಬಲ್ ಐಡಿ ಇರುತ್ತದೆ. ನೀವು ಬಿತ್ತಿದ ತಪ್ಪುಗಳ ಐಡಿ ಪಟ್ಟಿ ನಿಮ್ಮಲ್ಲಿದ್ದರೆ ಮೌಲ್ಯಮಾಪನ ಬೇಗ ಮುಗಿಯುತ್ತದೆ. ನೀವು ಬಿತ್ತದ ತಪ್ಪನ್ನೂ ಯಾರೋ ಹುಡುಕಿಕೊಂಡು ಬರುತ್ತಾರೆ. ಅವರಿಗೆ ಹೆಚ್ಚು ಅಂಕ ಕೊಡಿ.

ಸೀಲಿಂಗಿನ ಮೇಲಿನ ಜಗಳ

ಕ್ಲ್ಯಾಶ್ ಪಾಠವನ್ನು ನಾಲ್ಕು ಜನರ ಗುಂಪಿನಲ್ಲಿ ಮಾಡಿಸಿ: ಒಬ್ಬರು ಸ್ಟ್ರಕ್ಚರ್, ಒಬ್ಬರು ಎಸಿ, ಒಬ್ಬರು ಪ್ಲಂಬಿಂಗ್, ಒಬ್ಬರು ಸಮನ್ವಯದವರು. 30 ಜನರಲ್ಲಿ ಏಳು ಗುಂಪಾಗಿ ಇಬ್ಬರು ಉಳಿಯುತ್ತಾರೆ. ಅವರನ್ನು ವಿದ್ಯುತ್ ಕೇಬಲ್ ಟ್ರೇಗೆ ಎರಡು ಗುಂಪುಗಳಲ್ಲಿ ಸೇರಿಸಿ.

ಲೆಕ್ಕ ಹೀಗಿದೆ. ಮಹಡಿ 3.6 ಮೀಟರ್, ಬೀಮಿನ ತಳ 3.0, ಫಾಲ್ಸ್ ಸೀಲಿಂಗ್ 2.7. ಬೀಮಿನ ಕೆಳಗೆ ಉಳಿದದ್ದು 300 ಮಿ.ಮೀ. ಸೀಲಿಂಗಿನ ಚೌಕಟ್ಟಿಗೆ 50 ಹೋದರೆ 250. ಎಸಿಯವರು 400 ಅಗಲ, 250 ಆಳದ ಡಕ್ಟ್ ತಂದಿದ್ದಾರೆ. ಮೇಲೆ ಕೆಳಗೆ 25–25 ಇನ್ಸುಲೇಷನ್ ಸೇರಿದರೆ 300. ಐವತ್ತು ಮಿಲಿಮೀಟರ್ ಕಡಿಮೆ ಬಿತ್ತು. ಆದರೆ ಮಾಡೆಲಿನಲ್ಲಿ ಇನ್ಸುಲೇಷನ್ ಹಾಕದೇ ಇದ್ದರೆ ಕ್ಲ್ಯಾಶ್ ಪಟ್ಟಿ ಖಾಲಿಯಾಗಿಯೇ ಬರುತ್ತದೆ! ತಾಗುವಿಕೆಯ ಪರೀಕ್ಷೆಯ ಜೊತೆಗೆ ಅಂತರದ ಪರೀಕ್ಷೆಯನ್ನೂ ಏಕೆ ಓಡಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಡಕ್ಟನ್ನು ಚಪ್ಪಟೆ ಮಾಡಿ 500 × 200 ಎಂದರೆ ಅಡ್ಡಕೊಯ್ತದ ವಿಸ್ತೀರ್ಣ ಅಷ್ಟೇ ಉಳಿದು ಒಟ್ಟು ಆಳ 250 ಆಗುತ್ತದೆ, ಕೂದಲೆಳೆಯ ಸಂದೂ ಇಲ್ಲದೆ ಕೂರುತ್ತದೆ. ಸೈಟಿನಲ್ಲಿ ಬೀಮಿನ ತಳ 10 ಮಿ.ಮೀ. ಕೆಳಗಿಳಿದರೂ ಕೆಲಸ ಕೆಟ್ಟಿತು. 600 × 175 ಮಾಡಿದರೆ 25 ಮಿ.ಮೀ. ಉಸಿರಾಡಲು ಜಾಗ ಸಿಗುತ್ತದೆ. ಆದರೆ ಡಕ್ಟ್ ಚಪ್ಪಟೆಯಾದಷ್ಟೂ ಗಾಳಿಯ ಘರ್ಷಣೆ ಹೆಚ್ಚು, ಆದ್ದರಿಂದ ವಿಸ್ತೀರ್ಣ ಹೊಂದಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಎಸಿಯವರು ಒತ್ತಡದ ನಷ್ಟ ಮತ್ತೆ ಲೆಕ್ಕ ಹಾಕಬೇಕು.

ಆ ಹೊತ್ತಿಗೆ ಪ್ಲಂಬಿಂಗಿನವರು 110 ಮಿ.ಮೀ. ಹೊರವ್ಯಾಸದ ಕೊಳೆನೀರಿನ ಪೈಪು ತರುತ್ತಾರೆ. 8 ಮೀಟರ್ ಓಟಕ್ಕೆ 1:100 ಇಳಿಜಾರು ಎಂದರೆ 80 ಮಿ.ಮೀ. ಇಳಿಯಬೇಕು, ಒಟ್ಟು 190 ಮಿ.ಮೀ. ಆಳ ಬೇಕು. ಡಕ್ಟಿನ ಕೆಳಗೆ ಹಾಯಲು ಜಾಗವೇ ಇಲ್ಲ. ಬೀಮುಗಳ ನಡುವೆ ಸ್ಲ್ಯಾಬಿನ ಕೆಳಗೆ ಇನ್ನೂ 450 ಮಿ.ಮೀ. ಖಾಲಿ ಇದೆಯಲ್ಲ, ಬೀಮಿಗೆ ಸಮಾನಾಂತರವಾಗಿ ಅಲ್ಲಿ ಓಡಿಸಬಹುದು ಎಂದು ಯಾರಿಗಾದರೂ ಹೊಳೆಯುವವರೆಗೆ ಕಾಯಿರಿ. ಬೀಮಿಗೆ ತೂತು ಕೊರೆಯೋಣ ಎಂದು ಯಾರಾದರೂ ಹೇಳಿದರೆ ಸ್ಟ್ರಕ್ಚರಿನವರು ಬೇಡ ಎನ್ನಬೇಕು, ಯಾಕೆ ಎಂದು ಬಾಗುವಿಕೆ ಮತ್ತು ಶಿಯರ್ (ಕತ್ತರಿಸುವ ಬಲ) ಚಿತ್ರ ಬಿಡಿಸಿ ತೋರಿಸಬೇಕು. ಯಾರು ಸರಿಯಬೇಕು ಎಂಬುದಕ್ಕೆ ವಾಡಿಕೆಯ ಕ್ರಮ ಒಂದಿದೆ: ಇಳಿಜಾರಿನಲ್ಲಿ ಹರಿಯುವ ಪೈಪು ಕೊನೆಗೆ ಅಲುಗಲಿ, ದೊಡ್ಡ ಡಕ್ಟ್ ಅದಕ್ಕಿಂತ ಮುಂಚೆ, ಒತ್ತಡದ ನೀರಿನ ಪೈಪು ಮತ್ತು ಕೇಬಲ್ ಎಲ್ಲಕ್ಕಿಂತ ಮೊದಲು.

ಒಂದು ಡಕ್ಟ್ ಎಂಟು ಬೀಮಿಗೆ ತಾಗಿದರೆ ಪಟ್ಟಿಯಲ್ಲಿ ಎಂಟು ಕ್ಲ್ಯಾಶ್ ಕಾಣುತ್ತದೆ, ತೀರ್ಮಾನ ಒಂದೇ. ಎಣಿಕೆ ತೋರಿಸಿ ಹೆದರಿಸುವ ವರದಿಗಿಂತ, ಕಾರಣ ಹಿಡಿದು ಗುಂಪು ಮಾಡಿದ ವರದಿ ಕೇಳಿ.

ಕೆಲಸದ ಕ್ರಮ

ಫೋರ್‌ಡಿ ಎಂದರೆ ಮಾಡೆಲಿನ ವಸ್ತುಗಳಿಗೆ ದಿನಾಂಕ ಕಟ್ಟುವುದು. ನಾವಿಸ್‌ವರ್ಕ್ಸ್‌ನ ಟೈಮ್‌ಲೈನರಿನಲ್ಲೋ ಬೊನ್ಸಾಯಿಯಲ್ಲೋ ಮಾಡಬಹುದು. ಮೊದಲು ಕಾರ್ಡ್ ಹಂಚಿ, ಒಂದು ಅಂಕಣದ ಕೆಲಸಗಳನ್ನು ಮೇಜಿನ ಮೇಲೆ ಕ್ರಮವಾಗಿ ಜೋಡಿಸಲಿ. ಆಮೇಲೆ ಮಾಡೆಲಿಗೆ ಕಟ್ಟಲಿ. ಆಗ ತಮಾಷೆಗಳು ಹೊರಬೀಳುತ್ತವೆ. ಕಾಲಂ ಅನ್ನು ಪಾಯದಿಂದ ತಾರಸಿಯವರೆಗೆ ಒಂದೇ ವಸ್ತುವಾಗಿ ಬಿಡಿಸಿದ್ದರೆ, ಒಂದೇ ದಿನ ಎರಡು ಮಹಡಿಯ ಕಾಲಂ ಆಕಾಶಕ್ಕೆ ಎದ್ದು ನಿಲ್ಲುತ್ತದೆ. ಸ್ಲ್ಯಾಬ್ ಎರಡು ಭಾಗವಾಗಿ ಹಾಕುವುದಾದರೆ ಮಾಡೆಲಿನಲ್ಲೂ ನಿರ್ಮಾಣ ಸಂಧಿಯಲ್ಲಿ ಒಡೆದಿರಬೇಕು. ತಂತ್ರಾಂಶ ಕೊಟ್ಟ ಕ್ರಮವನ್ನು ಹಾಗೆಯೇ ಓಡಿಸುತ್ತದೆ. ಪಾಯಕ್ಕಿಂತ ಮೊದಲು ತಾರಸಿ ಎಂದರೂ ನಯವಾಗಿ ತೋರಿಸುತ್ತದೆ. ಹಾಗಾಗಿ ಅನಿಮೇಷನನ್ನು ನಡುವೆ ನಿಲ್ಲಿಸಿ ಕೇಳಿ: ಇವತ್ತು ಕೆಲಸದವರು ಎಲ್ಲಿ ನಿಂತಿದ್ದಾರೆ? ಕಾಂಕ್ರೀಟ್ ಯಾವ ಕಡೆಯಿಂದ ಬರುತ್ತದೆ? ಮೇಲಿನ ಸ್ಲ್ಯಾಬ್ ಹಾಕುವಾಗ ಕೆಳಗಿನ ಮುಟ್ಟು ಇನ್ನೂ ಇದೆಯೇ, ತೆಗೆದುಬಿಟ್ಟಿರಾ?

ಹೆಡ್‌ಸೆಟ್ ವಿಚಾರ

ಈ ವರ್ಷ ಬೇಡ. ಮೇಲಿನ ಯಾವುದಕ್ಕೂ ಅದು ಬೇಕಿಲ್ಲ. ಮುಂದೆ ಕೊಂಡರೆ ಅದಕ್ಕೆ ಒಗ್ಗುವ ಕೆಲಸಕ್ಕೆ ಮಾತ್ರ ಬಳಸಿ: ತಲೆಯೆತ್ತರ, ಇಕ್ಕಟ್ಟಿನ ಅನುಭವ, ಸ್ಲ್ಯಾಬಿನ ಅಂಚು ಮತ್ತು ಮುಚ್ಚದ ತೂತುಗಳಂಥ ಅಪಾಯ ಗುರುತಿಸುವುದು. ಪ್ರಮಾಣ ಲೆಕ್ಕಕ್ಕೆ ಪರದೆಯೇ ಮೇಲು. ಸೆಕೆಂಡಿಗೆ 72–90 ಚಿತ್ರ ಸರಾಗವಾಗಿ ಬರದಿದ್ದರೆ ತಲೆಸುತ್ತು, ವಾಕರಿಕೆ ಬರುತ್ತದೆ. ಪೀಠೋಪಕರಣ, ನಲ್ಲಿಗಳಂಥ ಸೂಕ್ಷ್ಮ ವಿವರ ತೆಗೆದು ಮಾಡೆಲ್ ಹಗುರ ಮಾಡಿ, ಒಬ್ಬರಿಗೆ ಒಂದು ಸಲಕ್ಕೆ 10–15 ನಿಮಿಷ ಸಾಕು. ಒಬ್ಬ ಹಾಕಿಕೊಂಡು ಉಳಿದವರು ಸಾಲು ನಿಲ್ಲುವುದು ಬೇಡ. ಹಾಕಿಕೊಂಡವರಿಗೆ ಡ್ರಾಯಿಂಗ್ ಕೊಡಬೇಡಿ. ಹೊರಗಿನ ಮೂವರು ಡ್ರಾಯಿಂಗ್ ಹಿಡಿದು ದಾರಿ ಹೇಳಲಿ. ಟ್ಯಾಬ್ಲೆಟ್ ಹಿಡಿದು ನಿಜವಾದ ಜಾಗದ ಮೇಲೆ ಮಾಡೆಲ್ ಕೂರಿಸಿ ನೋಡುವ ಎಆರ್ ಕೂಡ ಚೆನ್ನ, ಆದರೆ ನಡೆದಾಡಿದಂತೆ ಚಿತ್ರ ಕೆಲವು ಸೆಂಟಿಮೀಟರ್ ಜಾರುತ್ತದೆ. ಅದರಿಂದ ಅಳತೆ ತೆಗೆಯಲು ಬಿಡಬೇಡಿ.

ಲ್ಯಾಬಿನಲ್ಲಿ ಕೈಕೊಡುವ ಸಂಗತಿಗಳು

ಕೊನೆಯ ಮೂರು ವಾರ ರೆವಿಟ್ ಎಂಬ ಬಿಐಎಂ ತಂತ್ರಾಂಶ ಬಳಸುವುದಾದರೆ ಆವೃತ್ತಿಯನ್ನು ಸೆಮಿಸ್ಟರಿನ ಮೊದಲ ದಿನವೇ ಗೊತ್ತುಮಾಡಿ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ, ಹಿಂದಕ್ಕೆ ಉಳಿಸುವ ದಾರಿಯೂ ಇಲ್ಲ. ಒಬ್ಬ ವಿದ್ಯಾರ್ಥಿ ಮನೆಯಲ್ಲಿ ಹೊಸದನ್ನು ಹಾಕಿಕೊಂಡರೆ ಇಡೀ ಗುಂಪಿನ ಕೆಲಸ ನಿಂತೀತು. ಶಿಕ್ಷಣ ಪರವಾನಗಿಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಪರೀಕ್ಷೆಯ ವಾರದಲ್ಲಿ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಗುಂಪಿನಲ್ಲಿ ಒಂದೇ ಮಾಡೆಲ್ ಮೇಲೆ ಕೆಲಸ ಮಾಡುವಾಗ ಎಲ್ಲರ ಕೆಲಸ ಸೇರುವ ಸೆಂಟ್ರಲ್ ಫೈಲನ್ನು ಯಾರೂ ನೇರವಾಗಿ ತೆರೆಯಬಾರದು, ಪ್ರತಿಯೊಬ್ಬರೂ ಲೋಕಲ್ ಪ್ರತಿ ಮಾಡಿಕೊಂಡು ಸಿಂಕ್ ಮಾಡಬೇಕು. ಪೆನ್‌ಡ್ರೈವಿನಲ್ಲಿ ಒಯ್ದ ಪ್ರತಿ ಮರಳಿ ಸರಿಯಾಗಿ ಸೇರದೇ ಹೋಗಬಹುದು.

ಬೇರೆ ಬೇರೆಯವರ ಮಾಡೆಲ್ ಒಟ್ಟಿಗಿಟ್ಟಾಗ ಒಂದು ಇಲ್ಲಿ, ಇನ್ನೊಂದು ಎಲ್ಲೋ ದೂರದಲ್ಲಿ ಕಂಡರೆ ಮೂಲಬಿಂದು ಬೇರೆಯಾಗಿದೆ ಎಂದರ್ಥ. ಎ ಮತ್ತು 1 ಎಂಬ ಗ್ರಿಡ್ ಗೆರೆಗಳು ಸೇರುವಲ್ಲಿ ಮೂಲಬಿಂದು ಎಂದು ಮೊದಲೇ ನಿಶ್ಚಯಿಸಿ, ಅಲ್ಲೊಂದು ಗುರುತಿನ ಚೌಕ ಇಡಿಸಿ. ಮಾಡೆಲನ್ನು ಕೈಯಿಂದ ಎಳೆದು ಕೂರಿಸುವುದು ಬೇಡ, ಮುಂದಿನ ಆವೃತ್ತಿ ಬಂದಾಗ ಅದೇ ಗೋಳು. ಫೋಲ್ಡರ್ ನಾಲ್ಕು ಸಾಕು, ಐಎಸ್‌ಒ 19650 ಹೇಳುವ ನಾಲ್ಕು ಸ್ಥಿತಿಗಳಂತೆ: ಕೆಲಸ ನಡೆಯುತ್ತಿರುವುದು, ಹಂಚಿಕೊಂಡದ್ದು, ಅಧಿಕೃತವಾಗಿ ಹೊರಡಿಸಿದ್ದು, ಹಳೆಯದು.

ನೋಟಕ್ಕೆ ಹೆಚ್ಚು ಅಂಕ ಕೊಡಬೇಡಿ. ನೂರಕ್ಕೆ ಹತ್ತು ಮೀರುವುದು ಬೇಡ. ಊಹೆ ಮತ್ತು ವ್ಯತ್ಯಾಸದ ವಿವರಣೆಗೆ ನಲವತ್ತು, ತಪ್ಪಿನ ದಾಖಲೆಗೆ ಮೂವತ್ತು, ಉಳಿದ ಇಪ್ಪತ್ತು ಮೌಖಿಕಕ್ಕೆ. ಮೌಖಿಕದಲ್ಲಿ ಒಂದೇ ಪ್ರಶ್ನೆ ಸಾಕು: ಮಹಡಿಯ ಎತ್ತರ 3.6ರಿಂದ 3.3ಕ್ಕೆ ಇಳಿಸುತ್ತೇನೆ, ಏನೇನು ಬದಲಾಗುತ್ತದೆ, ಕ್ಲಿಕ್ ಮಾಡುವ ಮುಂಚೆ ಹೇಳು. ಗೋಡೆಯ ಗಾತ್ರ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. 150 ಮಿ.ಮೀ. ಎತ್ತರದ ಮೆಟ್ಟಿಲು 24ರಿಂದ 22ಕ್ಕೆ ಇಳಿದು, ಎರಡು ಸಮ ಸಾಲಿನ ಮೆಟ್ಟಿಲಾದರೆ ಪ್ರತಿ ಸಾಲಿನಲ್ಲಿ ಒಂದೊಂದು ಹೆಜ್ಜೆ ಕಡಿಮೆಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಬೀಮಿನ ತಳ 2.7ಕ್ಕೆ ಬಂದು ಸೀಲಿಂಗಿಗೆ ಅಂಟಿಕೊಳ್ಳುತ್ತದೆ, ಬೀಮಿನಡಿ ಹಾಯುವ ಡಕ್ಟಿಗೆ ಇನ್ನು ಜಾಗವೇ ಇಲ್ಲ ಎಂದವರಿಗೆ ಪೂರ್ತಿ ಇಪ್ಪತ್ತು ಕೊಡಿ.